ನಲವತ್ತೊಂದನೇ ನಂಬರಿನ ಕೇಕು

ಬಿಸ್ನಾಥ್ ರಾಮಕಿಸೂನ್ ನೆದರ್‌ಲ್ಯಾಂಡ್ಸಿನ ಹೇಗ್ ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು. ಅಷ್ಟು ವರ್ಷದಲ್ಲಿ ಒಂದು ಸಲವೂ ಹೊತ್ತಿಗೆ ಮೊದಲು ನಿಲ್ದಾಣ ಬಿಟ್ಟವನಲ್ಲ. ಆತುರ ಅನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ ಆತುರಪಟ್ಟ, ಅದೂ ಒಂದು ಕೇಕಿನ ವಿಷಯದಲ್ಲಿ.

ಅವನೂ ಅವನ ಹೆಂಡತಿ ದ್ರೋಪತಿಯೂ ಇದ್ದದ್ದು ಊರಿನ ದಕ್ಷಿಣದ ಬಡಾವಣೆಯಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಕೆಳಗೆ ಮೊರೊಕ್ಕೊದವರು, ಎದುರು ಬಾಗಿಲಲ್ಲಿ ಪೋಲೆಂಡಿನವರು, ಪಕ್ಕದಲ್ಲಿ ಒಬ್ಬ ಡಚ್ ಮುದುಕ. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಅಂತ ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತಿತ್ತು. ಐವತ್ತೆರಡು ಮೆಟ್ಟಿಲು. ಲಿಫ್ಟ್ ಇಲ್ಲ. ದ್ರೋಪತಿಯ ಎರಡೂ ಮಂಡಿ ಹೋಗಿದ್ದವು. ಎರಡು ಚಳಿಗಾಲದಲ್ಲಿ ಅವಳು ನೆಲ ಕಂಡದ್ದು ಎರಡೇ ಸಲ, ಅದೂ ಆಸ್ಪತ್ರೆಯವರು ಕುರ್ಚಿಯಲ್ಲಿ ಕೂರಿಸಿ ಇಳಿಸಿದಾಗ. ದಕ್ಷಿಣ ಅಮೆರಿಕದ ಸುರಿನಾಮಿನ ನಿಕೇರಿಯಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ಓಡಾಡಿ ಬೆಳೆದ ಹೆಂಗಸು ಅವಳು. ಮಕ್ಕಳಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಸಂಜೆಯವರೆಗೂ ಅಲ್ಲೇ.

"ಏನ್ ನೋಡ್ತಾ ಇರ್ತೀಯ ದಿನಾ?" ಅಂತ ಅವನು ಕೇಳಿದರೆ, "ಮಣ್ಣು" ಅನ್ನುತ್ತಿದ್ದಳು. "ಇಲ್ಲಿಂದ ಎಷ್ಟು ದೂರ ಇದೆ ಅಂತ ಅಳತೆ ಹಾಕ್ತಾ ಇರ್ತೀನಿ."

ಬಿಸ್ನಾಥನ ಬಸ್ಸಿಗೆ ಪ್ರತಿ ಗುರುವಾರ ಫಾನ್ ಝಾಂತೆನ್ ಅನ್ನುವ ಮುದುಕಿ ಹತ್ತುತ್ತಿದ್ದಳು, ಸಂತೆಗೆ ಹೋಗಲು. ಅವಳು ಊರಿಕೊಂಡು ನಡೆಯುವ ಪುಟ್ಟ ತಳ್ಳುಗಾಡಿ ಕಂಡ ಕೂಡಲೇ ಅವನು ಬಸ್ಸಿನ ಬಾಗಿಲ ಬದಿಯನ್ನು ನೆಲದತ್ತ ಬಗ್ಗಿಸಿ, ಅವಳು ಕೂತದ್ದನ್ನು ಕನ್ನಡಿಯಲ್ಲಿ ನೋಡಿಯೇ ಹೊರಡುತ್ತಿದ್ದ. ಮಾರ್ಚ್ ತಿಂಗಳ ಒಂದು ಗುರುವಾರ ಅವಳು ಇಳಿಯುವಾಗ, "ಮನೆ ಮಾರ್ತೀನಪ್ಪ, ಮಗಳ ಊರಿಗೆ ಹೋಗ್ತೀನಿ. ಶನಿವಾರ ಹತ್ತೂವರೆಗೆ ಕಾಫಿಗೆ ಬಾ" ಅಂದಳು.

ಹೆಗಲಿಗೆ ಹೆಗಲು ತಾಗಿಸಿ ನಿಂತ ಸಾಲುಮನೆಗಳಲ್ಲಿ ಅವಳದು ನಲವತ್ತೊಂದನೇ ನಂಬರು. ಬಿಸಿಲು ಹಾಯುವ ಮನೆ ಅನ್ನುತ್ತಾರಲ್ಲ, ಆ ಜಾತಿಯದು: ಮುಂದೊಂದು ದೊಡ್ಡ ಕಿಟಕಿ, ಹಿಂದೊಂದು ದೊಡ್ಡ ಕಿಟಕಿ, ನಡುವೆ ಅಡ್ಡಗೋಡೆ ಇಲ್ಲ. ಹಿಂದಕ್ಕೆ ಇನ್ನೊಂದು ಕೋಣೆ ಎಳೆದು ಕಟ್ಟಿದ್ದರು. ಅದರ ಬಾಗಿಲು ತೆಗೆದರೆ ಒಂದೇ ಒಂದು ಮೆಟ್ಟಿಲು, ಆಮೇಲೆ ಕಪ್ಪು ಮಣ್ಣಿನ ಹಿತ್ತಲು. ಬಿಸ್ನಾಥ್ ಆ ಮೆಟ್ಟಿಲನ್ನು ಎಷ್ಟು ಹೊತ್ತು ನೋಡಿದನೆಂದರೆ ಅವನ ಕಾಫಿ ತಣ್ಣಗಾಯಿತು.

ಮುದುಕಿ ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟು ಮುಚ್ಚಿದಳು. "ನನ್ನ ಮಗ ರಜಾ ಮುಗಿಸಿ ಬರೋಕೆ ಎರಡು ವಾರ ಇದೆ. ಬಂದ ಮೇಲೆ ಕಾಗದ ಪತ್ರ ಅವನು ನೋಡ್ಕೋತಾನೆ. ಗುರುತಿಲ್ಲದವರಿಗೆ ಕೊಡೋದಕ್ಕಿಂತ ನಿನಗೆ ಕೊಡೋದು ಮೇಲು." ಬೆಲೆ ಹೇಳಿದಳು. ಬ್ಯಾಂಕಿನವರು ಸಾಲ ಕೊಡಲು ಒಪ್ಪುವಷ್ಟೇ ಇತ್ತು. ಕೈ ಚಾಚಿದಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮನೆಗೆ ಬಂದು ದ್ರೋಪತಿಗೆ ಎಲ್ಲ ಹೇಳಿದ. ಅವಳು, "ರೀ, ಸಹಿ ಆಗೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡಿ" ಅಂದಳು. ಆಮೇಲೆ ಅಡಿಗೆಮನೆಯ ಡ್ರಾಯರಿನಿಂದ ತಂಗಿ ಕಳಿಸಿದ್ದ ಹಾಗಲದ ಬೀಜ, ಅಲಸಂದೆ ಬೀಜ ತೆಗೆಸಿಕೊಂಡು, ಖಾಲಿ ಮೊಸರಿನ ಡಬ್ಬಿಗಳಿಗೆ ಅಂಗಡಿಯಿಂದ ತರಿಸಿದ ಮಣ್ಣು ತುಂಬಿ ನೆಟ್ಟು ಕಿಟಕಿಯಲ್ಲಿ ಸಾಲಾಗಿ ಇಟ್ಟಳು.

ಬಾಯಿ ಬಿಡದೆ ಇರಬಹುದಿತ್ತು. ಆದರೆ ಮುಖವನ್ನು ಎಲ್ಲಿ ಬಚ್ಚಿಡುವುದು? ಡಿಪೋದಲ್ಲಿ ವಿಲ್ಕೋ ಅನ್ನುವವನು ಅವನ ಜೊತೆಗೇ ಕೆಲಸಕ್ಕೆ ಸೇರಿದವನು, ಇಪ್ಪತ್ತೆರಡು ವರ್ಷ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಿದವನು. ಎರಡನೇ ದಿನಕ್ಕೇ ಹಿಡಿದುಬಿಟ್ಟ.

"ಏನೋ ಬಿಸ್, ಹೊಸ ಮದುಮಗನ ಥರ ಒಬ್ಬನೇ ನಗ್ತಾ ಇದೀಯ. ಕೇಕ್ ಎಲ್ಲಿ?"

"ಎಂಥಾ ಕೇಕು? ಏನೂ ಇಲ್ಲ ಮಾರಾಯ."

"ಏನೂ ಇಲ್ಲದೆ ಇಷ್ಟು ಹಲ್ಲು ಕಾಣ್ಸಲ್ಲ. ಜಿಪುಣ ಕಣೋ ನೀನು. ನನ್ನ ಮೊಮ್ಮಗು ಹುಟ್ಟಿದಾಗ ಎರಡು ತುಂಡು ತಿಂದಿದ್ದು ಮರೆತ್ಯಾ?"

ಸುತ್ತ ಕೂತವರೆಲ್ಲ ನಕ್ಕರು. ಈ ಊರಲ್ಲಿ ಒಳ್ಳೆಯ ಸುದ್ದಿ ಯಾರದೋ ಅವರೇ ಕೇಕು ತರಬೇಕು. ಮದುವೆಗೆ, ಮಗುವಿಗೆ, ಮನೆಗೆ. ಬಿಸ್ನಾಥ್ ಇಪ್ಪತ್ತೆರಡು ವರ್ಷ ಬೇರೆಯವರ ಮಕ್ಕಳ ಕೇಕು ತಿಂದಿದ್ದ, ಬೇರೆಯವರ ಮನೆಗಳ ಕೇಕು ತಿಂದಿದ್ದ. ತಾನು ಒಂದು ಸಲವೂ ತಂದಿರಲಿಲ್ಲ, ತರಲು ಏನೂ ಇರಲಿಲ್ಲ. ಆ ನಗು ಅವನಿಗೆ ಎಲ್ಲೋ ನಾಟಿತು.

ಮಾರನೇ ದಿನ ಬೇಕರಿಯವಳು, "ಮೇಲೆ ಏನ್ ಬರೀಲಿ?" ಅಂತ ಕೇಳಿದಳು. ಅವನು ನಾಚಿಕೊಂಡು, "41 ಅಂತ ಬರೆದ್ರೆ ಸಾಕು" ಅಂದ. ಬಿಳಿ ಕೆನೆಯ ಮೇಲೆ ಚಾಕೊಲೇಟಿನಲ್ಲಿ ಎರಡು ದೊಡ್ಡ ಅಂಕಿ. ಡಿಪೋದಲ್ಲಿ ಎಲ್ಲರೂ ಸಾಲಾಗಿ ಬಂದು ಕೈ ಕುಲುಕಿದರು. ಯಾವ ಬೀದಿ, ಹಿತ್ತಲು ಎಷ್ಟುದ್ದ, ಯಾರ ಮನೆ ಅಂತ ಕೇಳಿದರು. ಅವನು ಎಲ್ಲ ಹೇಳಿದ. ಮುದುಕಿಯ ಮಗ ರಜಾ ಮುಗಿಸಿ ಬಂದ ಮೇಲೆ ಸಹಿ ಅನ್ನುವುದನ್ನೂ ಹೇಳಿದ. ವಿಲ್ಕೋ ಎರಡನೇ ತುಂಡು ತೆಗೆದುಕೊಳ್ಳಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದ.

ಎರಡು ವಾರ ಕಳೆದ ಗುರುವಾರ ಮುದುಕಿ ಬಸ್ಸಿನ ಮುಂಬಾಗಿಲಲ್ಲಿ ನಿಂತಳು, ಹತ್ತಲಿಲ್ಲ. ತಳ್ಳುಗಾಡಿಯ ಹಿಡಿಯನ್ನೇ ನೋಡುತ್ತ, "ಸಹಿ ಇಲ್ಲದ ಮಾತು ಮಾತೇ ಅಲ್ಲ ಅಂತಾನೆ ಮಗ" ಅಂದಳು. "ಯಾರೋ ಸಣ್ಣ ವಯಸ್ಸಿನ ಗಂಡ ಹೆಂಡತಿ ಬಂದ್ರು. ಮಗೂನೂ ಇದೆ. ಹೆಚ್ಚಿಗೆ ಕೊಡ್ತಾರಂತೆ. ಎಲ್ಲಾ ಅವನೇ ಮಾಡಿದ್ದು ಕಣಪ್ಪ, ನನ್ನ ಕೈಲಿ ಏನಿದೆ?"

"ಹತ್ತಿ ಅಮ್ಮಾ, ಜನ ಕಾಯ್ತಿದಾರೆ" ಅಂದ ಬಿಸ್ನಾಥ್. ಅವಳು, ಇವತ್ತು ನಡೆದೇ ಹೋಗ್ತೀನಿ ಅಂದಳು. ಅವನು ಬಗ್ಗಿಸಿದ್ದ ಬಸ್ಸನ್ನು ಮೇಲೆತ್ತಿ ಹೊರಟ.

ಆ ಸಂಜೆ ದ್ರೋಪತಿಗೆ ಹೇಳಬೇಕೆಂದೇ ಮೆಟ್ಟಿಲು ಹತ್ತಿದ. ಬಾಗಿಲು ತೆಗೆದರೆ ಕಿಟಕಿಯಲ್ಲಿ ಅಲಸಂದೆ ಮೊಳೆತಿತ್ತು. "ಬನ್ರೀ ಇಲ್ಲಿ, ತಲೆ ಎತ್ತಿದಾವೆ ನೋಡಿ" ಅಂತ ಅವಳು ಮಗುವನ್ನು ತೋರಿಸುವ ಹಾಗೆ ತೋರಿಸಿದಳು. ಅವತ್ತು ಹೇಳಲಿಲ್ಲ. ಶುಕ್ರವಾರ ಹಾಗಲ ಮೊಳೆಯಿತು, ಹೇಳಲಿಲ್ಲ. ಶನಿವಾರ, ಭಾನುವಾರ ಹಾಗೆಯೇ ಹೋದವು.

ಸೋಮವಾರ ಮಧ್ಯಾಹ್ನ ಪಾಳಿ ಮುಗಿಸಿ ಬುತ್ತಿಕೋಣೆಗೆ ಹೋದ. ಮೇಜಿನ ನಡುವೆ ಕೇಕು ಇತ್ತು. ಅದೇ ಬೇಕರಿ, ಅದೇ ಬಿಳಿ ಕೆನೆ. ಅರ್ಧ ಖಾಲಿಯಾಗಿತ್ತು. ಉಳಿದ ಅರ್ಧದ ಮೇಲೆ ಚಾಕೊಲೇಟಿನ ಒಂದು 4, ಅದರ ಪಕ್ಕದಲ್ಲಿ ಚಾಕು ಸೀಳಿದ 1.

ಮಾತೆಲ್ಲ ನಿಂತಿತು. ವಿಲ್ಕೋ ಎದ್ದು ನಿಂತ.

"ನನ್ನ ಮಗಳು ಮೂರು ವರ್ಷದಿಂದ ಮನೆ ಹುಡುಕ್ತಿದ್ಲು ಬಿಸ್. ಅತ್ತೆ ಮನೆ ಅಟ್ಟದ ಮೇಲೆ ಕೂಸು ಕಟ್ಕೊಂಡು ಇದಾಳೆ. ನಾನು ಬರೀ ಮನೆ ಇದೆ ಅಂದೆ ಅಷ್ಟೇ. ನಿನ್ನ ಮಗಳಾಗಿದ್ರೆ ನೀನೂ ಹೇಳ್ತಿದ್ದೆ."

"ನನಗೆ ಮಗಳಿಲ್ಲ ವಿಲ್ಕೋ."

ಎಲ್ಲರೂ ನೋಡುತ್ತಿದ್ದರು. ಕೇಕು ತಂದವನ ಕೈ ಕುಲುಕಬೇಕು, ಅದು ಬಿಟ್ಟರೆ ಬೇರೆ ದಾರಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಸ್ನಾಥನಿಗೂ ಗೊತ್ತಿರಲಿಲ್ಲ. ಅವನ ಕೈ ತಾನಾಗಿ ಮುಂದೆ ಹೋಯಿತು. "ಒಳ್ಳೇದಾಗ್ಲಿ. ಮಗಳಿಗೂ ಹೇಳು" ಅಂದ. ಯಾರೋ ಕುರ್ಚಿ ಎಳೆದರು, ಮತ್ತೆ ಮಾತು ಶುರುವಾಯಿತು. ವಿಲ್ಕೋ 4 ಇದ್ದ ತುಂಡನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ ಅವನ ಚೀಲಕ್ಕೆ ಇಟ್ಟ. "ದ್ರೋಪತಿಗೆ" ಅಂದ, ಮುಖ ನೋಡದೆ.

ದಾರಿಯಲ್ಲಿ ಕಸದ ತೊಟ್ಟಿಗೆ ಎಸೆಯಬಹುದಿತ್ತು. ಚೀಲದಲ್ಲಿ ಕೇಕು ಇದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ದ್ರೋಪತಿ ದಿನದ ಹಾಗೆ ಬುತ್ತಿ ಡಬ್ಬಿ ತೆಗೆಯಲು ಚೀಲಕ್ಕೆ ಕೈ ಹಾಕಿದಳು, ಪೊಟ್ಟಣ ಬಿಚ್ಚಿದಳು. ಕೆನೆ ಕಾಗದಕ್ಕೆ ಅಂಟಿತ್ತು. 4 ಮಾತ್ರ ಸರಿಯಾಗಿ ಉಳಿದಿತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು.

"ಸಹಿ ಆಯ್ತಾ?"

ಅವನು ಚೀಲವನ್ನು ಕೊಕ್ಕೆಗೆ ನೇತುಹಾಕಲು ತಿರುಗಿದ.

"ಇವತ್ತೇ ಆಯ್ತಾ? ನನಗೂ ಹೇಳದೆ ಕೇಕು ಹಂಚಿ ಬಂದ್ರಾ?" ಅವಳು ನಗುತ್ತ ಅಳುತ್ತಿದ್ದಳು. ಬೆರಳಲ್ಲಿ ಚಾಕೊಲೇಟಿನ ತುದಿ ಮುರಿದು ಬಾಯಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನು ಎತ್ತಿಕೊಂಡು ನಿಕೇರಿಯ ತಂಗಿಗೆ ಹಚ್ಚಿದಳು. "ಏಳೇ, ಅಲ್ಲಿ ಬೆಳಗಾದ್ರೂ ಇನ್ನೂ ಮಲಗಿದೀಯಾ? ಮನೆ ಆಯ್ತು ಕಣೇ. ಒಂದೇ ಮೆಟ್ಟಿಲಂತೆ. ಒಂದೇ." ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ಅವನಿಗೆ ಹೇಳಿದಳು: ಸಸಿಗಳನ್ನು ಕೆಳಗೆ ತಗೊಂಡು ಹೋಗಿ, ಹೊರಗಿನ ಗಾಳಿ ಅಭ್ಯಾಸ ಆಗಲಿ, ನಾಳೆಯೇ ಆ ಹಿತ್ತಲಿಗೆ ಒಯ್ದು ನೆಟ್ಟು ಬಿಡಿ.

ಬಿಸ್ನಾಥ್ ಡಬ್ಬಿಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಐವತ್ತೆರಡು ಮೆಟ್ಟಿಲು ಇಳಿದ. ಕೆಳಗಿನ ಬಾಗಿಲನ್ನು ಭುಜದಿಂದ ನೂಕಿ ಹೊರಗೆ ಬಂದ. ಮುಂದೆ ಸೈಕಲ್ಲು ನಿಲ್ಲಿಸುವ ಕಬ್ಬಿಣದ ಸಾಲು, ಅದರಾಚೆ ಕಲ್ಲು ಹಾಸಿದ ಕಾಲುದಾರಿ, ಅದರಾಚೆ ರಸ್ತೆ. ಮೇಲೆ ಕಿಟಕಿ ತೆರೆದ ಸದ್ದಾಯಿತು. "ಅಲ್ಲೇ ಬಿಸಿಲಲ್ಲಿ ಇಡ್ರೀ" ಅಂತ ದ್ರೋಪತಿ ಕೂಗಿದಳು.

ಅವನು ತಟ್ಟೆ ಹಿಡಿದುಕೊಂಡು, ಮೇಲೆ ನೋಡದೆ, ಅಲ್ಲೇ ನಿಂತಿದ್ದ.