ಇನ್ನಾಸಮ್ಮನ ಪಾಡಿನ ಪದ

ಕೋವಿಡ್ ಬರುವುದಕ್ಕೆ ಮೂರು ವರ್ಷ ಮುಂಚೆ ನನ್ನನ್ನು ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಚರ್ಚಿಗೆ ಗುರುವಾಗಿ ಕಳಿಸಿದರು. ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್ ಅದು. ಅರವತ್ತು ಕ್ಯಾಥೊಲಿಕ್ ಮನೆಗಳು. ಹಿರಿಯರೆಲ್ಲ ಕೂಲಿಯವರು, ಒಂದಷ್ಟು ಓದಿಕೊಂಡ ಯುವಕರು ನಂಜನಗೂಡಿನ ಫ್ಯಾಕ್ಟರಿಗಳಿಗೆ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು.

ಆ ಊರಲ್ಲಿ ಯಾರಾದರೂ ತೀರಿಕೊಂಡರೆ ನನಗಿಂತ ಮೊದಲು ಇನ್ನಾಸಮ್ಮನಿಗೆ ಹೇಳಿಕಳಿಸುತ್ತಿದ್ದರು. ಎಪ್ಪತ್ತು ದಾಟಿದ ವಿಧವೆ. ಮಕ್ಕಳಿರಲಿಲ್ಲ, ಅಕ್ಷರ ಬರುತ್ತಿರಲಿಲ್ಲ. ಹೆಣದ ತಲೆಯ ಹತ್ತಿರ ಕೂತು ಯೇಸುಸ್ವಾಮಿಯ ಪಾಡಿನ ಪದ ಹಾಡುತ್ತಿದ್ದರು, ಕೇಳುತ್ತ ಜನ ಅಳುತ್ತಿದ್ದರು. ಪಾಡು ಅಂದರೆ ಸ್ವಾಮಿ ಶಿಲುಬೆಗೇರುವಾಗ ಪಟ್ಟ ಕಷ್ಟ. ಅಜ್ಜಿಯಿಂದ ಕಲಿತದ್ದು, ಪೂರ್ತಿ ಹಾಡಲು ಎರಡು ಗಂಟೆ ಬೇಕು. ಅದರಲ್ಲೊಂದು ಕಡೆ ಮರಿಯಮ್ಮ ಮಗನಿಗಾಗಿ ನೀರು ಕೇಳುತ್ತ ಬೀದಿ ಬೀದಿ ಅಲೆಯುತ್ತಾಳೆ. ಬಾವಿಕಟ್ಟೆಯವರು ಹತ್ತಿರ ಬಿಡುವುದಿಲ್ಲ. ಊರಾಚೆ ಕೂತ ಒಬ್ಬಳು ತನ್ನ ಮಡಕೆಯಿಂದ ಕೊಡುತ್ತಾಳೆ. ಇದು ಯೇಸುವಿನ ಕತೆ ಹೇಳುವ ಬೈಬಲಿನ ಯಾವ ಶುಭಸಂದೇಶದಲ್ಲೂ ಇಲ್ಲ.

ಮರುವರ್ಷ ಇನ್ನಾಸಮ್ಮನ ತಮ್ಮ ಚೌರಪ್ಪ ತೀರಿಕೊಂಡರು. ಅವರ ಮಗ ಅರುಳಪ್ಪ ಫ್ಯಾಕ್ಟರಿಯ ಗೆಳೆಯರ ಜೊತೆ ಒಂದು ಬೈಬಲ್ ಗುಂಪಿಗೆ ಹೋಗುತ್ತಿದ್ದ. ಪುಸ್ತಕದಲ್ಲಿರುವುದು ಮಾತ್ರ ದೇವರ ವಾಕ್ಯ ಎಂದು ಗಟ್ಟಿಯಾಗಿ ನಂಬಿದ್ದ. ಕೆಟ್ಟವನಲ್ಲ, ಹಾಸಿಗೆ ಹಿಡಿದ ಅಪ್ಪನ ಹೇಲು ಉಚ್ಚೆ ಬಳಿದವನು. ನಾನು ಹೋಗುವ ಹೊತ್ತಿಗೆ ಅತ್ತೆಯ ಹಾಡನ್ನು ಅರ್ಧಕ್ಕೇ ನಿಲ್ಲಿಸಿದ್ದ.

"ಫಾದರ್, ನೀವೇ ಹೇಳಿ. ಮರಿಯಮ್ಮ ನೀರು ಕೇಳ್ಕೊಂಡು ಬೀದಿ ಸುತ್ತಿದ್ಲು ಅಂತ ಬೈಬಲ್‌ನಲ್ಲಿ ಎಲ್ಲದೆ? ಇಲ್ದಿರೋ ಮಾತ ನಮ್ಮಪ್ಪನ ಮುಂದೆ ಆಡ್ಬಾರ್ದು."

ನಮ್ಮ ಕ್ಯಾಥೊಲಿಕ್ ಧರ್ಮಸಭೆಯ ಬೋಧನೆ ನನಗೆ ಚೆನ್ನಾಗಿ ಗೊತ್ತಿತ್ತು. ಬರೆದ ಗ್ರಂಥಕ್ಕೆ ಅಧಿಕಾರ ಇರುವಂತೆ ಬಾಯಿಂದ ಬಾಯಿಗೆ ಬಂದ ಪರಂಪರೆಗೂ ಇದೆ. ಶುಭಸಂದೇಶಗಳು ಕೂಡ ಬರಹಕ್ಕಿಳಿಯುವ ಮುನ್ನ ಎಷ್ಟೋ ವರ್ಷ ಜನರ ಬಾಯಲ್ಲೇ ಇದ್ದವು. ಇದನ್ನು ಸೆಮಿನರಿಯಲ್ಲಿ ಪಾಠ ಮಾಡಿದವನು ನಾನು. ಆದರೆ ಪರಂಪರೆ ಅಂದಾಗ ನನ್ನ ಮನಸ್ಸಿಗೆ ಬರುತ್ತಿದ್ದುದು ಬಿಷಪ್ಪರು, ಪಂಡಿತರು. ನೆಲದ ಮೇಲೆ ಕಾಲು ಚಾಚಿ ಕೂತ ಈ ಮುದುಕಿ ಅಲ್ಲ. ಮೂರು ಗಂಟೆಗೆ ಮಣ್ಣು ಮಾಡಬೇಕಿತ್ತು, ಜನ ಕಾಯುತ್ತಿದ್ದರು, ನನಗೆ ಜಗಳ ಬೇಡವಾಗಿತ್ತು.

"ಪುಸ್ತಕದಲ್ಲಿ ಇಲ್ಲ," ಅಂದೆ. "ಇವತ್ತು ಬೈಬಲ್ ವಾಚನ ಸಾಕು, ಇನ್ನಾಸಮ್ಮ."

ಅವರು ನನ್ನ ಮುಖ ನೋಡಿದರು. "ಆ ಪುಸ್ತಕ ಬರಿಯೋಕ್ ಮುಂಚೆ ಸ್ವಾಮಿ ಕತೆ ಯಾರ್ ಬಾಯಲ್ಲಿತ್ತು ಫಾದರ್?"

ನಾನು ಬೈಬಲಿನ ಪುಟ ತೆರೆದು ಓದಲು ಶುರುಮಾಡಿದೆ. ಅವರು ತಮ್ಮನ ಕೆನ್ನೆ ಸವರಿ, ಎದ್ದು, ಹೊರಗಡೆ ಜಗಲಿಯ ಮೇಲೆ ಕೂತರು.

ಆಮೇಲೆ ಊರಲ್ಲಿ ಮೂರು ಸಾವಾದವು. ಕರೆದರೂ ಅವರು ಹಾಡಲು ಬರಲಿಲ್ಲ. ಮನಸ್ಸು ತಡೆಯದೆ ಒಂದು ಮಧ್ಯಾಹ್ನ ಫೋನ್ ಹಿಡಿದುಕೊಂಡು ಅವರ ಮನೆಗೆ ಹೋದೆ. "ನನ್ನಿಂದ ತಪ್ಪಾಯ್ತು ಅವ್ವ. ಹಾಡಿ, ರೆಕಾರ್ಡ್ ಮಾಡ್ಕೋತೀನಿ," ಅಂದೆ.

"ಇಲ್ಲ ಅಂತ ನೀವೇ ಅಂದ್ರಲ್ಲ ಫಾದರ್. ಎಷ್ಟ್ ಸಾವಲ್ಲಿ ಸುಳ್ಳೇಳ್ಬುಟ್ನೋ ಅಂತ ಬಯ ಆಯ್ತದೆ."

"ಅದು ಸುಳ್ಳಲ್ಲ."

"ಅಂಗಾರೆ ಅವತ್ತೇ ಯಾಕೇಳ್ನಿಲ್ಲ?"

ಕೋಪದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು. ಬರಿಗೈಯಲ್ಲಿ ವಾಪಸ್ ಬಂದೆ. ಇನ್ನೆರಡು ಸಲ ಹೋದೆ. ಕಾಫಿ ಕೊಟ್ಟರು, ಪದ ಹೇಳಲಿಲ್ಲ.

ಮುಂದಿನ ವರ್ಷ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಇನ್ನಾಸಮ್ಮ ಹೋಗಿಬಿಟ್ಟರು. ಅಂಗಳದ ತುಂಬ ಹೆಂಗಸರು. ಪ್ರತಿ ನುಡಿಯ ಕೊನೆಗೆ ಎಲ್ಲರೂ ಸೇರಿ ಎತ್ತುವ ಪಲ್ಲವಿಯಷ್ಟೇ ಅವರಿಗೆ ಬರುತ್ತಿತ್ತು. ಯಾರೋ ಒಬ್ಬಾಕೆ ಅದನ್ನು ಎತ್ತಿದಳು, ಉಳಿದವರು ದನಿಗೂಡಿಸಿದರು. ಒಂದು ಸಲ ಹಾಡಿ, ಮುಂದಿನ ನುಡಿಗಾಗಿ ಕಾದರು. ಹೇಳುವವರು ಯಾರೂ ಇರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಅರುಳಪ್ಪ ಹತ್ತಿರ ಬಂದ. ನಾನು ಪದ ರೆಕಾರ್ಡ್ ಮಾಡಲು ಹೋಗಿದ್ದು ಅವನಿಗೂ ಗೊತ್ತಿತ್ತು.

"ನಿಮ್ ಫೋನಲ್ಲಿ ಇಲ್ವಾ ಫಾದರ್?"

"ಇಲ್ಲಪ್ಪ."

ಅವನು ತಲೆ ತಗ್ಗಿಸಿದ. ನಾನು ಪುಸ್ತಕ ತೆರೆದು ಓದಿದೆ. ಎಲ್ಲರೂ ಕೇಳಿಸಿಕೊಂಡರು. ಒಬ್ಬರೂ ಅಳಲಿಲ್ಲ.

ಗುರುವಿನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಓದಿದವನ ಬಾಯಲ್ಲಿ "ಇಲ್ಲ" ಅನ್ನುವ ಮಾತು ಬಹಳ ಸಲೀಸಾಗಿ ಬರುತ್ತದೆ, ಓದದವರು ಅದನ್ನು ನಂಬಿಬಿಡುತ್ತಾರೆ. ಆಡಿದ್ದಕ್ಕೆ ಕ್ಷಮೆ ಕೇಳಬಹುದು. ನಂಬಿಸಿದ್ದನ್ನು ಕಿತ್ತು ತೆಗೆಯಲು ಆಗುವುದಿಲ್ಲ. ಇದು ನನ್ನ ತಲೆಗೆ ಹೋಗುವ ಹೊತ್ತಿಗೆ ಆ ಪದ ಬಲ್ಲವರು ಆ ಊರಲ್ಲಿ ಒಬ್ಬರೂ ಉಳಿದಿರಲಿಲ್ಲ.