ಅಪೂರ್ಣವೆಂದು ಕಟ್ಟಿಟ್ಟ ಕಂತೆ

ಸಮಾಜಶಾಸ್ತ್ರದ ಮೇಡಂ ಅವರ ನಿವೃತ್ತಿಗೆ ನಾಲ್ಕು ದಿನ ಉಳಿದಿದ್ದಾಗ ವಿಭಾಗದ ಅಟೆಂಡರ್ ಕಪಾಟಿನ ಮೇಲಿಂದ ಒಂದು ಕಂತೆ ಇಳಿಸಿ, ಧೂಳು ಕೊಡವಿ, ಅವರ ಮುಂದೆ ಇಟ್ಟ. ಹಳೆಯ ಕಾಗದಗಳನ್ನೆಲ್ಲ ಹರಿದುಹಾಕಲು ಆಫೀಸಿನಿಂದ ಅಪ್ಪಣೆಯಾಗಿತ್ತು. ಮೇಡಂ ಸಹಿಯೊಂದೇ ಬಾಕಿ. ಕಂತೆಯ ಮೇಲೆ ಅವರದೇ ಕೈಬರಹ: ‘ಅಪೂರ್ಣ. ಲೆಕ್ಕಕ್ಕೆ ಸೇರಿಸಬೇಡಿ.’

ಜನ ಯಾವ ವಯಸ್ಸಿಗೆ ಓದು ಮುಗಿಸುತ್ತಾರೆ, ಯಾವಾಗ ಮನೆ ಬಿಡುತ್ತಾರೆ, ಯಾವಾಗ ಸಂಸಾರ ಹೂಡುತ್ತಾರೆ ಎಂದು ಅಳೆಯುವುದರಲ್ಲೇ ಮೇಡಂ ಮೂವತ್ನಾಲ್ಕು ವರ್ಷ ಸವೆಸಿದ್ದರು. ಬೆನ್ನ ಹಿಂದೆ ಎಲ್ಲರೂ ‘ಗಣತಿ ಮೇಡಂ’ ಅನ್ನುತ್ತಿದ್ದರು. ಮೂರು ಜನ ಟೀ ಕುಡಿಯುತ್ತ ನಿಂತರೂ ಸಾಕು, ಸರಾಸರಿ ವಯಸ್ಸು ಹೇಳಿಬಿಡುತ್ತಾರೆ ಎಂಬುದು ವಿಭಾಗದ ಹಳೆಯ ತಮಾಷೆ.

ಅವರಿಗೆ ಹೆಸರು ತಂದದ್ದು ಇಪ್ಪತ್ತಾರು ವರ್ಷದ ಹಿಂದೆ ಇದೇ ಊರಿನ ನಡುವಯಸ್ಸಿನ ಹೆಂಗಸರ ಬಗ್ಗೆ ಮಾಡಿದ ಸಮೀಕ್ಷೆ. ಒಬ್ಬೊಬ್ಬರಿಗೆ ಒಂದು ಹಾಳೆ. ವರ್ಷಕ್ಕೊಂದು ಸಾಲು, ಐದು ಕಾಲಂ: ಓದು, ಹೊರಗಿನ ಉದ್ಯೋಗ, ಮನೆ ಬಿಟ್ಟದ್ದು, ಮದುವೆ, ಮೊದಲ ಮಗು. ಕೆಲವು ಹಾಳೆಗಳು ಬಹುಪಾಲು ಖಾಲಿಯಾಗಿ ಬಂದಾಗ, ಸಮೀಕ್ಷಕಿಯರು ಬಿಸಿಲಿಗೆ ಹೆದರಿ ನೆರಳಲ್ಲಿ ಕೂತು ಕೈತೊಳೆದುಕೊಂಡಿದ್ದಾರೆ ಎಂದು ಮೇಡಂ ಸಿಟ್ಟಾಗಿದ್ದರು. ನಾಲ್ಕು ಕಾಲಂ ಖಾಲಿಯಿದ್ದರೆ ಆ ಹಾಳೆ ಬೇಡ ಎಂದು ನಿಯಮ ಮಾಡಿದರು. ಇನ್ನೂರ ಹನ್ನೆರಡು ಹಾಳೆಗಳು ಹೊರಬಿದ್ದವು. ಉಳಿದವುಗಳಿಂದ ಪುಸ್ತಕವಾಯಿತು: ಬದುಕಿನ ಈ ಮೆಟ್ಟಿಲುಗಳನ್ನು ಹೆಚ್ಚುಕಡಿಮೆ ಎಲ್ಲರೂ ಹತ್ತುತ್ತಾರೆ, ಕೆಲವರು ಬೇಗ, ಕೆಲವರು ತಡವಾಗಿ. ಸ್ವಂತ ಅಕ್ಕ ಮದುವೆಯಾಗಿರಲಿಲ್ಲ, ನಿಜ. ಅವಳಿಗೇ ಅದು ಬೇಡವಾಗಿತ್ತು ಎಂದು ಮೇಡಂ ನಂಬಿದ್ದರು. ಒಬ್ಬಳಿಂದ ಲೆಕ್ಕ ಕೆಡುವುದಿಲ್ಲ ಎಂದೂ.

ಸಹಿ ಹಾಕುವ ಮುನ್ನ ಸುಮ್ಮನೆ ಗಂಟು ಬಿಚ್ಚಿದರು. ಮೇಲಿನಿಂದ ಏಳನೆಯದೋ ಎಂಟನೆಯದೋ ಹಾಳೆ. ಓದಿನ ಕಾಲಂನಲ್ಲಿ ಒಂದು ಗುರುತು, ಉಳಿದದ್ದೆಲ್ಲ ಬಿಳುಪು. ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನ ಸಣ್ಣ ಅಕ್ಷರಗಳು ಇರುವೆ ಸಾಲಿನಂತೆ ಇಳಿದಿದ್ದವು:

‘ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ತಂದೆ ಹಾಸಿಗೆ ಹಿಡಿದು ಹನ್ನೊಂದು ವರ್ಷ ಇದ್ದರು, ಆರೈಕೆ ಇವರದೇ. ಒಪ್ಪಿದ ಗಂಡು ಮೂರು ವರ್ಷ ಕಾದರು. ಹೊರಗೆ ಓದುತ್ತಿದ್ದ ತಂಗಿ ಓದು ಮುಗಿಯಲು ಇನ್ನೆರಡು ವರ್ಷ ಬೇಕೆಂದು ಪತ್ರ ಬರೆದಳು. ಇವರು ಗಂಡಿಗೆ ಬೇಡವೆಂದರು. ತಂಗಿಗೆ ತಿಳಿಸಿಲ್ಲ. ಎರಡು ಗಂಟೆ ಮಾತಾಡಿದರು. ಬರೆಯಲು ಕಾಲಂ ಇಲ್ಲ.’

ಹಾಳೆಗಳ ಮೇಲೆ ಹೆಸರು ಇರುವುದಿಲ್ಲ. ಬೇಕಾಗಲೂ ಇಲ್ಲ. ಆ ಪತ್ರವನ್ನು ಮೇಡಂ ಪೋಸ್ಟ್ ಆಫೀಸಿನ ಕಟ್ಟೆಯ ಮೇಲಿಟ್ಟುಕೊಂಡು, ನಿಂತ ಕಾಲಲ್ಲಿ ಬರೆದಿದ್ದರು. ನಾಲ್ಕೇ ಸಾಲು. ಅಪ್ಪನ ಹತ್ತಿರ ನೀನಿದ್ದೀಯಲ್ಲ, ಅನ್ನುವುದು ಕೊನೆಯ ಸಾಲು. ಆಗ ಅವರು ಬರೆಯುತ್ತಿದ್ದ ಪ್ರಬಂಧ, ಮದುವೆಗಳು ಏಕೆ ತಡವಾಗುತ್ತವೆ ಎಂಬುದರ ಬಗ್ಗೆ.

ಸಹಿ ಹಾಕಲಿಲ್ಲ. ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಅಕ್ಕ ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ಅಂಗಿಯ ತೋಳು ಬಿಚ್ಚುತ್ತಿದ್ದಳು. ತಂಗಿಯ ಮುಖ ನೋಡಿ, ಕೆಲಸದಿಂದ ಮೊದಲೇ ಓಡಿಸಿಬಿಟ್ಟರಾ ಎಂದು ಛೇಡಿಸಿದಳು. ತಂಗಿ ನಗಲಿಲ್ಲ. ಹಾಳೆಯನ್ನು ತೆಗೆದು ಮಿಷನ್ನಿನ ಹಲಗೆಯ ಮೇಲೆ ಹರಡಿದಳು. ಅಕ್ಕ ಕನ್ನಡಕವನ್ನು ಹಣೆಗೆ ಏರಿಸಿ, ಕಾಗದವನ್ನು ಕಣ್ಣ ಹತ್ತಿರ ತಂದು ನಿಧಾನವಾಗಿ ಓದಿದಳು.

“ನನಗೆ ಯಾಕೆ ಹೇಳಲಿಲ್ಲ, ಅಕ್ಕ?”

“ನೀನು ಕೇಳಲಿಲ್ಲ, ಪುಟ್ಟಿ. ಊರಿನೋರನ್ನೆಲ್ಲ ಕೇಳಿದೆ.” ಮಾತಿನಲ್ಲಿ ಮುಳ್ಳಿರಲಿಲ್ಲ. “ಹಾಳೆ ಹಿಡ್ಕೊಂಡು ಬಂದಿದ್ದ ಆ ಹುಡುಗಿ ಕೇಳಿದಳು, ಹೇಳಿದೆ. ಹೋಗೋವಾಗ ಬಾಗಿಲ ಹತ್ರ ಕಣ್ಣು ಒರೆಸ್ಕೊಂಡಳು.”

ತಂಗಿ ಚೀಲದಿಂದ ಪೆನ್ನು, ಬಿಳಿ ಕಾಗದ ತೆಗೆದಳು. ಮೊದಲಿನಿಂದ ಹೇಳು, ಒಂದೂ ಬಿಡದೆ ಬರೆದುಕೊಳ್ಳುತ್ತೇನೆ ಎಂದಳು. ಅಕ್ಕ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡಳು. ಈಗ ಹೇಳಲು ಹೋದರೆ ಅರ್ಧ ಕಟ್ಟುಕತೆ ಆದೀತು, ಆತನ ಮುಖವೇ ಸರಿಯಾಗಿ ಕಣ್ಣಿಗೆ ಬರುವುದಿಲ್ಲ, ಅಂದಳು. ಇನ್ನೆರಡು ಹೊಲಿಗೆ ಬಿಚ್ಚಿ ತಲೆಯೆತ್ತಿದಳು.

“ಹೋಗಲಿ, ನಾನು ಹೇಳಿದ್ದು ನಿನ್ನ ಪುಸ್ತಕಕ್ಕೆ ಉಪಯೋಗಕ್ಕೆ ಬಂತಾ?”

ಬಂತು ಅಂದುಬಿಡಬಹುದಿತ್ತು. ಅಕ್ಕ ಆ ಪುಸ್ತಕ ಓದಿದವಳಲ್ಲ, ಓದುವವಳೂ ಅಲ್ಲ. ಬಟ್ಟೆ ಸುತ್ತಿ ಕಪಾಟಿನಲ್ಲಿ ಇಟ್ಟುಕೊಂಡಿದ್ದಳು, ಅಷ್ಟೆ.

“ಇಲ್ಲ. ಖಾಲಿ ಹಾಳೆ ಅಂತ ನಾನೇ ತೆಗೆದುಹಾಕಿದೆ.”

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. ತುಂಡನ್ನು ಬೆರಳಿಗೆ ಸುತ್ತುತ್ತ ಕಿಟಕಿಯಾಚೆ ನೋಡಿದಳು.

“ಆ ಹುಡುಗಿಗೆ ಎರಡು ಗಂಟೆ ದಂಡ ಆಯ್ತು, ಪಾಪ,” ಅಂದಳು.