ಗೆದ್ದ ಮಾತ್ರೆ ನಿಜವಾಗಿ ಗೆದ್ದಿತ್ತೇ?

೨೦೦೭ರ ಜನವರಿ. ಹೈದರಾಬಾದಿನಲ್ಲಿ ದಿನಕ್ಕೊಂದು ಹೊಸ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ. ಸಂಖ್ಯಾಶಾಸ್ತ್ರ ಓದಿದ್ದ ನನಗೂ ಅಂಥದೊಂದರಲ್ಲಿ ಕೆಲಸ ಸಿಕ್ಕು ಎಂಟು ತಿಂಗಳಾಗಿತ್ತು. ಬೇರೆ ಬೇರೆ ಕಡೆ ನಡೆದ ಔಷಧ ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿ, ಯಾವುದು ಹೆಚ್ಚು ಗುಣಕಾರಿ ಎಂದು ವಿದೇಶದ ವೈದ್ಯರಿಗೆ ವರದಿ ಮಾಡಿಕೊಡುತ್ತಿದ್ದೆವು.

ಆ ಸಲ ನನ್ನ ಪಾಲಿಗೆ ಕೀಲುವಾತದ ಎರಡು ಹೊಸ ಮಾತ್ರೆಗಳು ಬಂದಿದ್ದವು. ಅವೆರಡನ್ನೂ ಎದುರುಬದುರು ಯಾರೂ ಪರೀಕ್ಷಿಸಿರಲಿಲ್ಲ. ಒಂದೇ ಹಳೆಯ ಮಾತ್ರೆಯ ಜೊತೆ ಬೇರೆ ಬೇರೆಯಾಗಿ ಹೋಲಿಸಿದ್ದರು. ಆ ಹಳೆಯದನ್ನೇ ನಡುವೆ ಇಟ್ಟುಕೊಂಡು ಹೋಲಿಸಿದಾಗ ಎರಡನೆಯ ಮಾತ್ರೆ ಬಹಳ ಮುಂದೆ ಬಂತು. ಆದರೆ ಇಂಥ ಹೋಲಿಕೆ ನಿಲ್ಲಬೇಕಾದರೆ ಎರಡೂ ಕಡೆಯ ರೋಗಿಗಳು ಒಂದೇ ತರಹದವರಾಗಿರಬೇಕು. ನಾನು ಅವರ ವಯಸ್ಸಷ್ಟೇ ನೋಡಿ, ಸರಿಯಿದೆ ಎಂದು ಬರೆದು, ವರದಿ ಮುಗಿಸಿಬಿಟ್ಟೆ.

ಭಾನುವಾರ ಅವ್ವನನ್ನು ನಾಂಪಲ್ಲಿಯಲ್ಲಿ ವರ್ಷವರ್ಷ ನಡೆಯುವ ಎಕ್ಸಿಬಿಷನ್ನಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೂ ಅದೇ ಕಾಯಿಲೆ. ನಾಲ್ಕು ಅಂಗಡಿ ನೋಡುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡು ಕೂತಳು.

"ಅವ್ವಾ, ಭಾಳ ಚಲೋ ಗುಳಿಗಿ ಬಂದೈತಿ. ನಾನೇ ಎಲ್ಲಾ ನೋಡೀನಿ," ಎಂದೆ ಹೆಮ್ಮೆಯಿಂದ.

"ನನಗ ಹಳೇ ಗುಳಿಗಿ ಈಗ ನಾಟವಲ್ದು. ನನ್ನಂಥವರಿಗೆ ಕೊಟ್ಟು ನೋಡ್ಯಾರೇನ?"

"ಹೂಂ," ಎಂದುಬಿಟ್ಟೆ. ಅಂದಮೇಲೆ ಹೊಳೆಯಿತು, ಅದು ನನಗೆ ಗೊತ್ತೇ ಇರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲೇ ಆಫೀಸಿಗೆ ಹೋಗಿ ಮೂಲ ಪ್ರಬಂಧಗಳನ್ನು ತೆಗೆದೆ. ಮೊದಲನೆಯ ಮಾತ್ರೆಯ ಪ್ರಯೋಗಗಳಲ್ಲಿದ್ದವರು ಕಾಯಿಲೆ ಹೊಸದಾಗಿ ಬಂದವರು. ಎರಡನೆಯದರಲ್ಲಿ ಇದ್ದವರೆಲ್ಲ ಅವ್ವನಂಥವರು, ಹಳೆಯ ಮಾತ್ರೆ ನುಂಗಿ ನುಂಗಿ ಅದು ಕೆಲಸ ಮಾಡದೇ ಹೋದವರು. ಅಂಥವರಿಗೆ ಮತ್ತೆ ಅದೇ ಹಳೆಯದನ್ನು ಕೊಟ್ಟು ಹೋಲಿಸಿದರೆ ಯಾವ ಹೊಸದಾದರೂ ಗೆಲ್ಲುತ್ತದೆ!

ಬೀದರಿನವರಾದ ನಮ್ಮ ಮೇಲಧಿಕಾರಿ ಪದ್ಮಾ ಮೇಡಂ ಬರುತ್ತಲೇ ಎಲ್ಲ ಹೇಳಿದೆ. ಅವರ ಮುಖ ಬಿಳಿಚಿತು.

"ವರದಿ ಶನಿವಾರನೇ ಕಳಿಸಿಬಿಟ್ಟೀನಲ್ಲವಾ! ಅದನ್ನ ಕೇಳಿದ್ದ ವಿದೇಶದ ಡಾಕ್ಟ್ರು ನಾಳೆನೇ ಮೀಟಿಂಗಿನ್ಯಾಗ ಇಡಾವ್ರದಾರ."

ಯಾವ ಮಾತ್ರೆ ಬರೆದುಕೊಡಬೇಕೆಂದು ಅಲ್ಲಿನ ವೈದ್ಯರಿಗೆಲ್ಲ ಸಲಹೆ ಹೊರಡುವುದು ಆ ಸಭೆಯಿಂದಲೇ. ಕೂಡಲೇ ಫೋನ್ ಮಾಡೋಣವೆಂದರೆ ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ನಾಲ್ಕು ಗಂಟೆ ಕಾದೆವು. ಕೆಲಸ ಹೋಯಿತೆಂದೇ ನಾನು ತಿಳಿದಿದ್ದೆ.

ಕೊನೆಗೆ ಆ ಕಡೆ ಡಾಕ್ಟರು ಫೋನ್ ಎತ್ತಿದರು. ಮೇಡಂ ರಿಸೀವರ್ ನನ್ನ ಕೈಗಿಟ್ಟು, "ನೀನೇ ಹೇಳು," ಎಂದರು. ಇಂಗ್ಲಿಷಿನಲ್ಲಿ ತಡವರಿಸುತ್ತಾ ಹೇಳಿದೆ. ರೋಗಿಗಳ ವಯಸ್ಸು ಬಿಟ್ಟು ಬೇರೇನೂ ನೋಡಿರಲಿಲ್ಲ ಎಂಬುದನ್ನೂ ಹೇಳಿದೆ.

"ವರದಿ ಇನ್ನೂ ನನ್ನ ಹತ್ತಿರವೇ ಇದೆ, ಯಾರಿಗೂ ಕೊಟ್ಟಿಲ್ಲ," ಎಂದರು ಡಾಕ್ಟರು. "ಸದ್ಯ ಇವತ್ತೇ ಹೇಳಿದಿರಿ, ನಾನು ಬದುಕಿಕೊಂಡೆ. ಇವೆರಡನ್ನು ಹೀಗೆ ಹೋಲಿಸಲು ಬರುವುದಿಲ್ಲ ಎಂದು ಬರೆದು ಕಳಿಸಿ."

ರಿಸೀವರ್ ಇಟ್ಟು ಅಲ್ಲೇ ಕೂತುಬಿಟ್ಟೆ. ಬೈಗುಳ ಬರುತ್ತದೆಂದು ಮೇಡಂ ಕಡೆ ನೋಡಿದರೆ ಅವರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಏಳು, ಮುಂಜಾನಿಂದ ಏನೂ ತಿಂದಿಲ್ಲ ನೀನು," ಎಂದು ತಮ್ಮ ಡಬ್ಬಿ ಬಿಚ್ಚಿ ಅರ್ಧ ನನಗೆ ಕೊಟ್ಟರು. ಮೊಸರನ್ನ, ಗೊಂಗೂರ ಸೊಪ್ಪಿನ ಚಟ್ನಿ. ತಪ್ಪೊಪ್ಪಿಕೊಂಡ ಮೇಲೆ ಅನ್ನ ಅಷ್ಟು ರುಚಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.